ನಡಾವಳಿ ಪುಸ್ತಕ ವಾಪಸು ಕಳಿಸಿದ ಅಕ್ಕ

ಕಾಫಿ ಹಣ್ಣು ಕುಯ್ದು ಕುಯ್ದು ಅಕ್ಕನ ಬೆರಳುಗಳು ಕಪ್ಪಿಟ್ಟಿದ್ದವು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆ ಕೈ ಪೆನ್ನು ಹಿಡಿದರೆ ಪೆನ್ನಿಗೇ ದಿಗಿಲಾಗಬೇಕು, ಅಷ್ಟು ಬಿಗಿ.

ಎಸ್ಟೇಟಿನ ಕೂಲಿಯವರ ಸಾಲುಮನೆಯಲ್ಲಿ, ಲೈನಿನಲ್ಲಿ, ಇದ್ದ ಈ ಅಕ್ಕ ನಮ್ಮ ಪಂಚಾಯ್ತಿಗೆ ಅಧ್ಯಕ್ಷರಾದ ಮೊದಲ ಹೆಂಗಸು. ತೊಂಬತ್ತರ ದಶಕದಲ್ಲಿ ಮೀಸಲಾತಿ ಬಂತು. ಬಾಯಿಲ್ಲದವರು ಯಾರಾದರೂ ಸಿಕ್ಕರೆ ಸಾಕೆಂದು ದೊಡ್ಡವರು ಇವರನ್ನು ಕೂರಿಸಿದರು. ನಾನೂ ಹಾಗೇ ಆದ ಮೆಂಬರು. ನನ್ನ ಯಜಮಾನರು ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹೆಂಗಸರು ಮೀಟಿಂಗಿಗೆ ಹೋಗುವ ಪದ್ಧತಿಯೇ ಇರಲಿಲ್ಲ. ನಡಾವಳಿ ಪುಸ್ತಕ ಅಡುಗೆಮನೆ ಬಾಗಿಲಿಗೆ ಬರುತ್ತಿತ್ತು. ಒಲೆ ಮುಂದಿನಿಂದ ಎದ್ದು, ಬೆರಳು ತೋರಿಸಿದ ಕಡೆ ಸೈ ಹಾಕಿ, ಮತ್ತೆ ಸಾರಿಗೆ ಒಗ್ಗರಣೆ ಕೊಡುತ್ತಿದ್ದೆವು.

ಅಕ್ಕ ಎರಡನೇ ತಿಂಗಳಿಗೇ ಪುಸ್ತಕ ವಾಪಸು ಕಳಿಸಿದರು. "ಏನ್ ಬರ್ದೈತೆ ಅಂತ ಓದಿ ಹೇಳಿ, ಆಮೇಲೆ ಸೈ." ಅಂದಿನ ಕೂಲಿ ಬಿಟ್ಟು, ಬೆಳಗೋಡಿನ ಬಸ್ಸಿಗೆ ಕಾದು ಮೀಟಿಂಗಿಗೆ ಬಂದರು; ನಮ್ಮನ್ನೂ ಎಳೆದು ತಂದರು. ಲೈನಿಗೆ ಬರಬೇಕಾದ ಕುಡಿಯುವ ನೀರಿನ ಪೈಪು ನಡಾವಳಿಯಲ್ಲಿ ಎಸ್ಟೇಟ್ ಸಾಹುಕಾರರ ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ತಿರುಗಿದೆ ಎಂದು ನಮಗೆಲ್ಲ ಗೊತ್ತಾದದ್ದು ಅವತ್ತು. ಅಕ್ಕ ಸೈ ಹಾಕಲಿಲ್ಲ. ಪೈಪಿನ ಕೆಲಸ ನಿಂತಿತು.

ದೊಡ್ಡವರು ಅವಿಶ್ವಾಸ ಮಂಡಿಸಿದರು. ಅವರಿಗೆ ಒಂದು ಕೈ ಕಡಿಮೆ ಇತ್ತು, ಅದು ನನ್ನದು. ಹಿಂದಿನ ಸಂಜೆ ಅಕ್ಕ ನಮ್ಮ ಹಿತ್ತಲಿಗೆ ಬಂದರು. "ನಿನ್ ಕಷ್ಟ ನಂಗ್ ಗೊತ್ತೈತೆ ಕಣವ್ವ. ಮಾತಾಡ್ಬ್ಯಾಡ. ಕೈ ಎತ್ತದೆ ಸುಮ್ನೆ ಕೂತ್ಕೊ, ಸಾಕು."

ಸುಮ್ಮನೆ ಕೂರುವುದನ್ನು ನಮಗೆ ಹುಟ್ಟಿದಾಗಿನಿಂದ ಕಲಿಸಿದ್ದರು. ಅದೂ ನನ್ನ ಕೈಲಾಗಲಿಲ್ಲ. ಯಜಮಾನರ ಕೆಲಸ ಉಳಿಯುವುದಿಲ್ಲ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ಎತ್ತಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಉಳಿದ ಅವಧಿಗೆ ನನ್ನನ್ನೇ ಅಧ್ಯಕ್ಷೆ ಮಾಡಿದರು. ನನ್ನ ಮೊದಲ ಮೀಟಿಂಗಿಗೆ ಬೇರೆ ಹೆಂಗಸರು ಬರಲಿಲ್ಲ. ಅಕ್ಕ ಒಬ್ಬರೇ ಬಂದು ಮೆಂಬರುಗಳ ಬೆಂಚಿನಲ್ಲಿ ಕೂತರು. ಪುಸ್ತಕ ಮುಂದಿಟ್ಟಾಗ ಸೆಕ್ರೆಟರಿಯನ್ನು ತಡೆದು ನನ್ನ ಕಡೆ ತಿರುಗಿದರು.

"ನೀನೇ ಓದವ್ವ."

ಪೈಪು ಪಲ್ಪರಿಗೆ ಎಂದು ನನ್ನ ಬಾಯಿಂದಲೇ ಓದಿದೆ. ನನ್ನ ಸೈ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲೇ ಬಿದ್ದಿತ್ತು. ಅಕ್ಕ ಅದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಬರೆದರು: ನನಗೆ ಒಪ್ಪಿಗೆ ಇಲ್ಲ. ಅಷ್ಟನ್ನು ಬರೆದು ಮುಗಿಸುವವರೆಗೆ ಇಡೀ ಮೀಟಿಂಗು ಕಾಯಿತು.

ಪೈಪು ಪಲ್ಪರಿಗೇ ಹೋಯಿತು. ಅಕ್ಕ ಸಾಯುವವರೆಗೂ ಹಳ್ಳದಿಂದಲೇ ನೀರು ಹೊತ್ತರು. ದಾರಿಯಲ್ಲಿ ಸಿಕ್ಕರೆ ಏನೂ ಆಗಿಲ್ಲವೆಂಬಂತೆ ಕಾಫಿ ಆಯ್ತಾ ಎಂದು ಕೇಳುತ್ತಿದ್ದರು, ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಅವರು ಓದಿದ್ದು ಎರಡನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ. ಅವರು ಬರೆದ ಆ ಮೂರು ಪದ ನನಗೆ ಇವತ್ತಿಗೂ ಬರೆಯಲು ಬಂದಿಲ್ಲ.