ತಳವಾರಘಟ್ಟಕ್ಕೆ ಹೊರಟ ಹರಿಗೋಲು

ಕಂಪ್ಲಿಯ ಅಂಬಿಗರ ಎರ್ರಿಯಪ್ಪನಿಗೆ ನೀರಿನ ಮೇಲಿದ್ದ ಧೈರ್ಯ ನೆಲದ ಮೇಲೆ ಇರಲಿಲ್ಲ. ಹೊಳೆ ತುಂಬಿ ಗಿಡಮರಗಳನ್ನು ಕಿತ್ತು ತರುವಾಗ ಬೀಡಿ ಕಚ್ಚಿಕೊಂಡು ಹುಟ್ಟು ಹಾಕುತ್ತಿದ್ದ ಮನುಷ್ಯ, ಸಂತೆಯ ಬೀದಿಯಲ್ಲಿ ಎದುರಿಗೊಂದು ಜಟಕಾ ಬಂದರೆ ಗೋಡೆಗೆ ಆತುಕೊಂಡು ನಿಲ್ಲುತ್ತಿದ್ದ. ನಡೆಯುತ್ತಿದ್ದುದೂ ಹಾಗೆಯೇ, ಕಾಲು ಅಗಲಿಸಿ, ಈ ನೆಲ ಯಾವಾಗ ವಾಲೀತೋ ಎಂಬಂತೆ. ಆದರೆ ಹರಿಗೋಲು ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಹೊಳೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ಬಿದಿರು ಸೀಳಿ ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಕೋಣದ ಹಸಿ ತೊಗಲು ಬಿಗಿದು, ಹೊಲಿಗೆ ಹಾಕಿ ಬಿಟ್ಟನೆಂದರೆ ಒಂದು ಹನಿ ಒಳಗೆ ಬರುತ್ತಿರಲಿಲ್ಲ.

ಹೊಳೆಗೆ ಇನ್ನೂ ಅಣೆಕಟ್ಟು ಬಂದಿರದ ಕಾಲ ಅದು. ಈಚೆ ದಂಡೆ ಮದ್ರಾಸ್ ಸರ್ಕಾರದ್ದು, ಆಚೆ ದಂಡೆ ನಿಜಾಮನದು. ಹಂಪಿ ಹತ್ತಿರದ ತಳವಾರಘಟ್ಟದಲ್ಲಿ ಜನರನ್ನು ದಾಟಿಸುತ್ತಿದ್ದವನು ಎರ್ರಿಯಪ್ಪನ ಅಳಿಯ ತೋಟಪ್ಪ. ಆ ವರ್ಷದ ಮಹಾಪೂರದಲ್ಲಿ ಅವನ ಹರಿಗೋಲು ಬಂಡೆಗೆ ಬಡಿದು ಚೂರಾಯಿತು. ಘಟ್ಟ ನೋಡುವ ಓವರ್ಸಿಯರು ಒಂದೇ ಮಾತು ಹೇಳಿದ್ದರು: ಬರುವ ಸೋಮವಾರ ಮಧ್ಯಾಹ್ನ ಬರುತ್ತೇನೆ, ಗಟ್ಟಿ ಹರಿಗೋಲು ನೀರಿನಲ್ಲಿ ಕಂಡರೆ ಸರಿ, ಇಲ್ಲದಿದ್ದರೆ ಘಟ್ಟದ ಗುತ್ತಿಗೆ ಬೇರೆಯವರಿಗೆ. ಮಗಳು ಚೆನ್ನಬಸಮ್ಮನ ಮನೆಯ ಒಲೆ ಉರಿಯುತ್ತಿದ್ದುದೇ ಆ ಘಟ್ಟದಿಂದ.

ಎರ್ರಿಯಪ್ಪ ಹಗಲಿರುಳು ಕೂತು ಆರು ಮೊಳ ಅಗಲದ ಹರಿಗೋಲು ಕಟ್ಟಿದ. ಅಂಥದ್ದನ್ನು ಅವನು ಅದುವರೆಗೆ ಕಟ್ಟಿರಲಿಲ್ಲ. ಕಟ್ಟಿದ ಮೇಲೆ ಬಂತು ನೋಡಿ ಫಜೀತಿ: ಒಯ್ಯುವುದು ಹೇಗೆ? ಹೊಳೆಯಲ್ಲೇ ಒಯ್ಯೋಣವೆಂದರೆ ಸೆಳವಿಗೆ ಎದುರು, ಮೇಲೆ ಬರೀ ಬಂಡೆ. ದಾರಿಯ ಮೇಲೆಯೇ ಹೋಗಬೇಕು.

ಹೊಸಪೇಟೆಗೆ ಸರಕು ಒಯ್ಯುವ ಲಾರಿಯವನು, "ಬರ್ರಿ ಯಜಮಾನ್ರ, ನೆಟ್ಟಗ ನಿಂದ್ರಿಸಿ ಕಟ್ಟಿಬಿಡೂನು, ತಾಸಿನಾಗ ಇಳಿಸ್ತೀನಿ" ಅಂದ. ಎರ್ರಿಯಪ್ಪ ಲಾರಿಯ ಮೂತಿ ಮುಟ್ಟಿ ನೋಡಿ ಚಟ್ಟನೆ ಕೈ ಎಳೆದುಕೊಂಡ.

"ಇದರ ಹೊಟ್ಟ್ಯಾಗ ಒಲಿ ಐತಲ್ಲೋ! ಹಸಿ ತೊಗಲು ಒಲಿ ಮುಂದ ಇಟಗೊಂಡು ಹೋಗಾಕ ನಾನೇನು ಹುಚ್ಚನ?"

ಮನೆಗೆ ಬಂದರೆ ಹೆಂಡತಿ ಮುದುಕಮ್ಮ ಆಗಲೇ ತೀರ್ಮಾನ ಮಾಡಿಯಾಗಿತ್ತು. "ನಮ್ಮ ಓಣಿ ಅಂಜಿನಯ್ಯನ ಕೋಣದ ಬಂಡಿ ಐತಿ. ಮೆತ್ತಗ ಹೋಗ್ತೈತಿ. ಅದನ್ನ ಹೇಳ್ರಿ."

"ಕೋಣದ ಬಂಡಿ? ಹೊಸಾ ಹರಗೋಲ ಮಗಳ ಮನಿಗೆ ಹೊಂಟೈತಿ, ಯಮನ ವಾಹನ ಹೂಡ್ಲೇನು? ಮಂದಿ ಏನಂದಾರು?"

"ಕೋಣದ ತೊಗಲಾಗ ಕುಂತು ಜನ್ಮಾ ಪೂರಾ ಹೊಳಿ ದಾಟೀರಿ. ಆವಾಗ ಯಮ ಕಾಣಲಿಲ್ಲೇನು?"

ಎರ್ರಿಯಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ನಡೆದ. ನೇರವಾಗಿ ಅಕ್ಕಿ ಗಿರಣಿ ಸಾವ್ಕಾರರ ಹತ್ತಿರ ಹೋಗಿ ಅವರ ಬಿಳಿ ಹೋರಿಗಳನ್ನು ಕೇಳಿಕೊಂಡು ಬಂದ. ಕೊಂಬಿಗೆ ಹಿತ್ತಾಳೆ ಅಣಸು, ಕೊರಳಿಗೆ ಗೆಜ್ಜೆ. ಹೊಡೆಯುವವನು ಗಾದಿಲಿಂಗಪ್ಪ. ಭಾನುವಾರ ನಸುಕಿನಲ್ಲಿ ಹೊರಟರೆ ಸಂಜೆಯೊಳಗೆ ತಳವಾರಘಟ್ಟ.

ಹೊರಟಿತು ಮೆರವಣಿಗೆ. ಗಂಗಮ್ಮನಿಗೆ ಕಾಯಿ ಒಡೆದು, ಬಂಡಿಯ ಗೂಟ ಕಿತ್ತು, ಅಡ್ಡ ಬೊಂಬು ಹಾಸಿ, ಹರಿಗೋಲನ್ನು ಅದರ ಮೇಲೆ ಬೋರಲು ಹಾಕಿದರು. ಅಂಬಿಗರು ಹುಟ್ಟಿದಾಗಿನಿಂದ ಹರಿಗೋಲು ಹೊತ್ತದ್ದು ಹಾಗೆಯೇ, ಬೋರಲಾಗಿ, ತಲೆಯ ಮೇಲೆ. ಬೇರೆ ರೀತಿಯೂ ಉಂಟೆಂಬುದು ಎರ್ರಿಯಪ್ಪನ ಬುದ್ಧಿಗೆ ಬರಲೇ ಇಲ್ಲ. ಆದರೆ ತಲೆಯ ಮೇಲೆ ಹೊರುವುದು ಹೊಳೆಯಿಂದ ಗುಡಿಸಲಿನವರೆಗೆ, ನೂರು ಹೆಜ್ಜೆ. ಇಲ್ಲಿ ಇಡೀ ದಿನದ ಬಿಸಿಲು.

ಮೊದಲು ತಕರಾರು ತೆಗೆದವು ಹೋರಿಗಳು. ಹರಿಗೋಲಿನ ಅಂಚು ಬೆನ್ನ ಮೇಲೆ ಚಾಚಿ, ಅದರ ನೆರಳು ಮುಂದೆ ಮುಂದೆ ಓಡುವುದನ್ನು ಕಂಡು ಬೆದರಿದವು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವುದು, ಆಮೇಲೆ ಒಮ್ಮೆಲೇ ಜಿಗಿಯುವುದು. ಎರ್ರಿಯಪ್ಪ ಪಕ್ಕದಲ್ಲಿ ನಡೆಯುತ್ತ, ಬಾಣಂತಿಯ ಡೋಲಿ ಹಿಡಿದವನಂತೆ ಒಂದು ಕೈಯನ್ನು ತೊಗಲಿನ ಮೇಲೆಯೇ ಇಟ್ಟುಕೊಂಡಿದ್ದ. ರಾಮಸಾಗರದ ಹತ್ತಿರ, ಹೊತ್ತು ನೆತ್ತಿಗೇರಿದಾಗ, ಆ ಕೈಗೆ ಅದು ತಿಳಿಯಿತು. ತೊಗಲು ಬಿಗಿಯುತ್ತಿದೆ. ಒಳಗಿನ ಬಿದಿರು ಸಣ್ಣಗೆ ಕಿರುಗುಟ್ಟಿತು. ಒಂದು ಕಡೆ ಹೊಲಿಗೆ ಬಾಯಿ ಬಿಟ್ಟಿತು, ಕಿರುಬೆರಳು ಹೋಗುವಷ್ಟು.

"ನಿಲ್ಲಸೋ! ಗಾದಿಲಿಂಗಾ, ನಿಲ್ಲಸೋ!"

ಹುಣಸೆ ಮರದ ಕೆಳಗೆ ಇಳಿಸಿದರು. ಕಾಲುವೆಯಿಂದ ಕೊಡದ ಮೇಲೆ ಕೊಡ ನೀರು ತಂದು ಹೊಯ್ದರು. ತೊಗಲು ನೀರು ಕುಡಿದು ಮೆತ್ತಗಾಗಿ, ಎರ್ರಿಯಪ್ಪ ದಬ್ಬಳ ಹಿಡಿದು ಹೊಲಿಗೆ ಮತ್ತೆ ಕೂಡಿಸುವುದರೊಳಗೆ ಹೊತ್ತು ಇಳಿದಿತ್ತು. ಅವನು ಬೆವರು ಒರೆಸಿಕೊಂಡು, "ನಾಳೆ ನಸುಕಿನ್ಯಾಗ ಹೂಡಿಬಿಡಪ್ಪ" ಅಂದ.

ಗಾದಿಲಿಂಗಪ್ಪ ಅವನ ಮುಖವನ್ನೇ ನೋಡಿದ. "ನಾಳೆ ಸೋಮಾರ ಅಲ್ರೀ ಕಾಕಾ."

ಎರ್ರಿಯಪ್ಪ ಕೈಯಲ್ಲಿದ್ದ ದಬ್ಬಳ ಕೆಳಗಿಟ್ಟ. ಸೋಮವಾರ ಬಸವಣ್ಣನ ದಿನ. ಆ ಸೀಮೆಯಲ್ಲಿ ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾದಿಲಿಂಗಪ್ಪನಾದರೂ ಏನು ಮಾಡಿಯಾನು? ಹೋರಿಗಳ ಮೈ ಸವರಿ, "ತಪ್ಪ ತಿಳಕಾಬ್ಯಾಡ್ರಿ" ಎಂದು ಖಾಲಿ ಬಂಡಿ ಹೊಡೆದುಕೊಂಡು ಊರ ಕಡೆ ತಿರುಗಿದ.

ಹೊಳೆಯಲ್ಲೇ ಹುಟ್ಟಿ ಬೆಳೆದ ಮುದುಕ ನಟ್ಟ ನೆಲದ ಮೇಲೆ ಹರಿಗೋಲು ಇಟ್ಟುಕೊಂಡು ಒಬ್ಬನೇ ಕೂತ. ಮಗಳು ಘಟ್ಟದಲ್ಲಿ ದಾರಿ ನೋಡುತ್ತಿರುತ್ತಾಳೆ ಅನ್ನುವುದೊಂದೇ ಅವನ ತಲೆಯಲ್ಲಿ. ಸಂಜೆಯ ಧೂಳಿನಲ್ಲಿ ಇನ್ನೊಂದು ಬಂಡಿ ಬರುವುದು ಕಂಡಿತು. ಅವಸರ ಅನ್ನುವ ಮಾತನ್ನೇ ಕೇಳದ ಎರಡು ಕೋಣಗಳು, ನೊಗದ ಹಿಂದಿನ ಮೂಕಿಮರದ ಮೇಲೆ ಅಂಜಿನಯ್ಯ, ಹಿಂದೆ ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು ಮುದುಕಮ್ಮ.

"ನಾನೇನು ನಿಮ್ಮ ಹರಗೋಲಕ್ಕ ಬಂದಿಲ್ಲ, ಮಗಳಿಗೆ ರೊಟ್ಟಿ ಒಯ್ಯಾಕ ಹೊಂಟೀನಿ" ಎಂದು ಇಳಿಯುವ ಮೊದಲೇ ಹೇಳಿದಳು. ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಉಂಡೀರೇನು?"

"ನಾಳೆ ಸೋಮಾರ, ಮುದುಕಿ."

"ಕ್ವಾಣಕ್ಕ ಎಲ್ಲೀ ಸೋಮಾರ?" ಅಂಜಿನಯ್ಯ ನಕ್ಕ. "ಅದಕ್ಕ ಯಾವ ದೇವರೂ ರಜಾ ಕೊಟ್ಟಿಲ್ಲ ಮಾವಾ. ಪಾಪದ ಜೀವ. ಏಳು, ಹೇರೂನು."

ಈ ಸಲ ಎರ್ರಿಯಪ್ಪ ಹರಿಗೋಲನ್ನು ಬೋರಲು ಹಾಕಲಿಲ್ಲ. ಬಾಯಿ ಮೇಲೆ ಮಾಡಿ ಇಟ್ಟು, ತಳಕ್ಕೆ ಹಸಿ ಹುಲ್ಲು ಹಾಸಿ, ಹತ್ತು ಕೊಡ ನೀರು ಹೊಯ್ದ. ಆ ಭಾರಕ್ಕೆ ಹೋರಿಗಳಾದರೆ ಮಂಡಿಯೂರುತ್ತಿದ್ದವೋ ಏನೋ. ಕೋಣಗಳು ಒಮ್ಮೆ ಬುಸ್ ಎಂದು, ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹೆಜ್ಜೆ ಕಿತ್ತವು. ನೆರಳಿಗೆ ಬೆದರಲಿಲ್ಲ, ಕಲ್ಲಿಗೆ ಜಿಗಿಯಲಿಲ್ಲ. ಮೇಲಿನ ನೀರು ತುಳುಕಿ ಬೆನ್ನಿಗೆ ಬಿದ್ದಾಗೆಲ್ಲ ಕಿವಿ ಆಡಿಸಿದವು, ಅಷ್ಟೇ.

ಬುಕ್ಕಸಾಗರದ ಹತ್ತಿರ ಮಾತ್ರ ಒಂದು ಪೇಚಾಟ ಬಂತು. ಕಾಲುವೆ ಕಂಡದ್ದೇ ತಡ, ಕೋಣಗಳು ದಾರಿ ಬಿಟ್ಟು, ಬಂಡಿ ಸಮೇತ ನೀರಿಗಿಳಿದು ಕೂತುಬಿಟ್ಟವು. ಎರ್ರಿಯಪ್ಪ ಬೈದ, ಕೈಮುಗಿದ. ಅಂಜಿನಯ್ಯ ಬೀಡಿ ಹಚ್ಚಿದ.

"ಹೊಡಿಯೋ ಅವನ್ನ!"

"ಹೊಡದ್ರ ಸಂಜೀ ತನಕ ಏಳಂಗಿಲ್ಲ ಮಾವಾ. ಬಿಟ್ರ ತಾವಾ ಏಳ್ತಾವು. ನಿನ್ನ ಹರಗೋಲೂ ತಣ್ಣಗಾತು, ನೋಡು."

ನಿಜವೇ. ಬಂಡಿಯ ಮೇಲಿನವರೆಗೆ ಕಾಲುವೆ ನೀರು ಬಂದು ತೊಗಲು ಕೆಳಗಿನಿಂದಲೂ ನೆನೆಯುತ್ತಿತ್ತು. ಎರ್ರಿಯಪ್ಪ ಸೊಂಟದವರೆಗಿನ ನೀರಿನಲ್ಲಿ ನಿಂತು, ಮಾಡಲು ಬೇರೇನೂ ಇಲ್ಲದೆ, ಕೋಣಗಳ ಬೆನ್ನು ಉಜ್ಜತೊಡಗಿದ. ಮುದುಕಮ್ಮ ದಂಡೆಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮನಸ್ಸಿಗೆ ಬಂದಾಗ ಕೋಣಗಳು ಎದ್ದವು.

ತಳವಾರಘಟ್ಟ ಮುಟ್ಟಿದಾಗ ಓವರ್ಸಿಯರು ಮರದಡಿ ಕುದುರೆ ಕಟ್ಟುತ್ತಿದ್ದರು. ಕೋಣಗಳು ನಿಲ್ಲದೆ ಸೀದಾ ಹೊಳೆಗಿಳಿದವು. ಹರಿಗೋಲು ಬಂಡಿಯಿಂದ ತಾನಾಗಿ ತೇಲಿ ನೀರಿಗೆ ಬಂತು. ತೋಟಪ್ಪ ಒಳಗಿನ ನೀರು ಮೊಗೆದು ಚೆಲ್ಲಿ ಹುಟ್ಟು ಹಿಡಿದ. ಓವರ್ಸಿಯರು ಹತ್ತಿ, ಆಚೆ ದಂಡೆ ಮುಟ್ಟಿ, ತಿರುಗಿ ಬಂದರು. ಅಷ್ಟು ಹೊತ್ತೂ ಎರ್ರಿಯಪ್ಪ ಅವರ ಮುಖ ನೋಡಲಿಲ್ಲ, ಬೂಟು ನೋಡುತ್ತಿದ್ದ. ಬೂಟು ಒಣಗಿಯೇ ಇತ್ತು.

"ಘಟ್ಟ ನಿನ್ನದೇ ಅಪ್ಪಾ" ಎಂದು ತೋಟಪ್ಪನಿಗೆ ಹೇಳಿ ಅವರು ಕುದುರೆ ಹತ್ತಿದರು. ಚೆನ್ನಬಸಮ್ಮ ಅಪ್ಪನ ಕೈ ಹಿಡಿದುಕೊಂಡಳು.

ಮರುದಿನ ಊರಿಗೆ ಹೊರಡುವಾಗ ಎರ್ರಿಯಪ್ಪ ಬಂಡಿಯ ಪಕ್ಕ ನಿಂತು ಕೆಮ್ಮಿದ. "ಜಾಗಾ ಐತೇನು?"

"ನೋಡ್ರೆಪಾ," ಅಂದಳು ಮುದುಕಮ್ಮ, ಸರಿದು ಜಾಗ ಮಾಡುತ್ತ. "ಮಂದಿ ಏನಾರ ಅಂದಾರು."

"ಅನ್ನಲಿ ಬಿಡು" ಎಂದು ಅವನು ಹತ್ತಿ ಕೂತ.