ತಪ್ಪು ಹೆಸರಿನ ಹಚ್ಚೆ

ಇವತ್ತು ಮುಂಜಾನೆ ಅಂಗಳ ಗುಡಿಸಿದ್ದು, ನೀರು ತುಂಬಿದ್ದು, ಹೆಸರುಕಾಳು ನೆನೆಹಾಕಿದ್ದು, ಅತ್ತೆಯ ಎರಡು ಸೀರೆ ಒಗೆದದ್ದು, ಹಳಿಯಾಳದಿಂದ ತಂದ ಜೋಳ ಹಸನು ಮಾಡಿದ್ದು. ಆಮೇಲೆ ಮಗಳು ಹೇಳಿದಂತೆ ಅತ್ತೆಯ ಎಡ ಮುಂಗೈಗೆ ಸೋಪು ಹಚ್ಚಿ ತೊಳೆದು ಒರೆಸಿದ್ದು.

ಮಗಳು ದಾಂಡೇಲಿಗೆ ಬಂದು ಎರಡು ದಿನವಾಯಿತು. ಗೋವಾದಲ್ಲಿ ಹಚ್ಚೆ ಹಾಕುವುದನ್ನು ಕಲಿಯುತ್ತಿದ್ದಾಳೆ, ಅದೂ ಜಪಾನಿನ ಹಳೆಯ ರೀತಿಯಲ್ಲಿ. ಮಷೀನು ಇಲ್ಲ. ಕೋಲಿನ ತುದಿಗೆ ಸಾಲಾಗಿ ಸೂಜಿ ಕಟ್ಟಿ, ಮಸಿಯಲ್ಲಿ ಅದ್ದಿ, ಕೈಯಿಂದಲೇ ಚುಚ್ಚುವುದು. ಅತ್ತೆಯ ಮುಂಗೈ ಮೇಲೆ ಮಾಸಿದ ಹಸಿರು ಅಕ್ಷರಗಳಲ್ಲಿ ಮಾವನದಲ್ಲದ ಹೆಸರೊಂದಿದೆ. ಅದನ್ನು ಜಪಾನಿನ ಅಲೆಗಳಿಂದ ಮುಚ್ಚಿಬಿಡುತ್ತೇನೆಂದು ಫೋನಿನಲ್ಲೇ ಹೇಳಿದ್ದಳು. ಅತ್ತೆ ಹೂಂ ಅಂದಿದ್ದರು. ನನಗೇ ಯಾಕೋ ಸಮಾಧಾನವಿರಲಿಲ್ಲ.

"ಆಯಿ, ಜಪಾನದಾಗ ಹಿಂದಕ ಬೆಂಕಿ ಆರಿಸೋ ಮಂದಿ ಮೈತುಂಬ ಇಂಥಾವು ಹಾಕಿಸ್ಕೊಂತಿದ್ರು," ಎಂದಳು ಮಗಳು ಅಜ್ಜಿಗೆ. "ಮುಂದ ಸರಕಾರನ ಬ್ಯಾಡ ಅಂತು. ಈಗೂ ಹಚ್ಚಿ ಇದ್ದವರನ್ನ ಎಷ್ಟೋ ಕಡೆ ಮಂದಿಯೆಲ್ಲ ಕೂಡಿ ಜಳಕ ಮಾಡೋ ಊರ ಬಚ್ಚಲಕ್ಕ ಬಿಡೂದಿಲ್ಲ."

"ಮೈ ತೊಳ್ಕೊಳ್ಳಾಕ ಬಿಡೂದಿಲ್ಲಂತ? ನಮ್ಮತ್ತಿ ಹಚ್ಚಿ ಇಲ್ಲದ ಕೈಲೆ ನೀರು ಕೊಟ್ರ ಕುಡೀತಿರಲಿಲ್ಲ ನೋಡವಾ."

ಅದಕ್ಕೇ ಅತ್ತೆಯ ಲಗ್ನವಾದ ಹೊಸದರಲ್ಲಿ ಹಚ್ಚೆ ಹಾಕುವವಳನ್ನು ಮನೆಗೆ ಕರೆಸಿದ್ದರಂತೆ. ಗಂಡನ ಹೆಸರೇನೆಂದು ಅವಳು ಕೇಳಿದರೆ ಅತ್ತೆ ಬಾಯಿ ಬಿಡಲಿಲ್ಲ. ಗಂಡನ ಹೆಸರು ಹೇಳಬಾರದು. "ಕೊರಳಾಗ ಹಾವು ಇರೋ ದೇವರ ಹೆಸರು" ಎಂದಷ್ಟೇ ಹೇಳಿದರು. ಆ ದೇವರಿಗೆ ಹೆಸರು ಒಂದೇ? ಅವಳು ತನಗೆ ತೋಚಿದ್ದನ್ನು ಬರೆದಳು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಸಂಜೆ ಮಾವ ಕೈ ಹಿಡಿದು ಓದಿ, "ಇಂವ ಯಾರ?" ಅಂದರಂತೆ.

ಅಂದಿನಿಂದ ಅತ್ತೆ ಮಾವನನ್ನು ಆ ಹೆಸರಿನಿಂದಲೇ ಕರೆದರು. ಅದು ಗಂಡನ ಹೆಸರಲ್ಲವಲ್ಲ, ಕರೆಯಲು ಅಡ್ಡಿಯಿಲ್ಲ. ಮಾವ ದುಡಿಯುತ್ತಿದ್ದ ಕಾಗದದ ಮಿಲ್ಲಿನಲ್ಲಿ ಪಾಳಿ ಮುಗಿದ ಭೋಂಗಾ ಕೂಗಿದ ಮೇಲೆ ಅಂಗಳಕ್ಕೆ ಬರುವ ಸೈಕಲ್ಲಿನ ಸದ್ದು, ಅತ್ತೆಯ ಆ ಕೂಗು, "ಬಂದ್ನಿ ತಡಿ" ಎಂಬ ಮಾವನ ಉತ್ತರ ನನಗೆ ಈಗಲೂ ಕೇಳಿಸುತ್ತದೆ. ಲಗ್ನಪತ್ರಿಕೆಯಲ್ಲಿ ಮಾವನ ನಿಜವಾದ ಹೆಸರು ಓದಿ ಬಂದಿದ್ದ ನಾನು, ಮನೆಯಲ್ಲಿ ಇನ್ನೊಬ್ಬ ಹಿರಿಯರಿದ್ದಾರೆಂದು ಮೊದಲ ದಿನ ಒಂದು ತಾಟು ಹೆಚ್ಚು ಹಾಕಿದ್ದೆ. "ಎರಡಕ್ಕೂ ನೀಡವಾ, ನಾನ ಉಣ್ತೇನಿ" ಎಂದಿದ್ದರು ಮಾವ. ಅವರು ತೀರಿಹೋದ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಕೂಗಿಲ್ಲ.

ಮಗಳು ಸೂಜಿಕೋಲು ಎತ್ತಿಕೊಂಡಳು. ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

"ತಡಿಯವಾ. ಇದನ್ನ ಮುಚ್ಚಿದ್ರ ನಾ ಅವರನ್ನ ಏನಂತ ಕರೀಲಿ?"

"ಖರೇ ಹೆಸರ ಬರೀತೇನಿ ಆಯಿ. ಹೇಳು."

"ಅದನ್ನ ಹೇಳಾಕ ಬರಂಗಿದ್ರ ಇಷ್ಟೆಲ್ಲಾ ಯಾಕ ಆಕ್ಕಿತ್ತು?"

ಮಗಳು ನಕ್ಕು ಸೋತಳು. ಜಪಾನಿನವರು ಮುಖ್ಯ ಚಿತ್ರವನ್ನು ಬಿಟ್ಟು ಅದರ ಸುತ್ತಲೂ ಅಲೆ ತುಂಬುತ್ತಾರಂತೆ. ಹಾಗೆಯೇ ಹೆಸರನ್ನು ಮುಟ್ಟದೆ, ಅದರ ಕೆಳಗೆ ಬೆರಳಿನಷ್ಟುದ್ದ ಒಂದು ಅಲೆ ಹಾಕಿದಳು. ಚರ್ಮ ತೀರ ತೆಳುವಾಗಿದೆಯೆಂದು ಅಷ್ಟಕ್ಕೇ ನಿಲ್ಲಿಸಿದಳು. ಅತ್ತೆ ಕೈಯನ್ನು ದೂರ ಹಿಡಿದು ನೋಡಿ, "ಸೂಪಾ ಡ್ಯಾಮಿನ ನೀರ ಕಂಡಂಗ ಐತಿ" ಎಂದರು.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಅತ್ತೆ ಎಡಗೈಯನ್ನು ಹೊದಿಕೆಯ ಹೊರಗಿಟ್ಟುಕೊಂಡು ಎಲ್ಲರಿಗಿಂತ ಮೊದಲು ಮಲಗಿದರು.