ಓಡುವ ಫೋಟೋ

ಆಟಗಾರರಿಗೆ ಫೀಸು ಮಾಫಿ ಮಾಡಬೇಕೋ ಬೇಡವೋ ಎಂದು ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಂದು ಮೀಟಿಂಗ್ ಆಗುತ್ತಿತ್ತು. ಆಟದ ಮೇಷ್ಟ್ರು ಅಂತ ನನಗೂ ಬಾಗಿಲ ಪಕ್ಕ ಒಂದು ಕುರ್ಚಿ. ಚಹಾದ ಟ್ರೇ ಒಳಗೆ ಬರಬೇಕಾದರೆ ನಾನೇ ಏಳಬೇಕು. ಇಷ್ಟೆಲ್ಲ ಚರ್ಚೆ ಮಾಡಿ ಮಾಫಿ ಕೊಡುತ್ತಿದ್ದದ್ದು ಇಡೀ ಕಾಲೇಜಿಗೆ ಒಬ್ಬರಿಗೆ.

ಆ ವರ್ಷ ಗಾದಿಗನೂರಿನ ಒಬ್ಬ ಹುಡುಗಿಯ ಅರ್ಜಿ ಇಟ್ಟೆ. ಖೋಖೋ ಆಡುವವಳು. ಮಾಫಿ ಆಗದಿದ್ದರೆ ಮಗಳನ್ನು ಎರಡನೇ ವರ್ಷಕ್ಕೆ ಕಳಿಸುವುದಿಲ್ಲ ಎಂದು ಅವಳ ಅವ್ವ ಮೊದಲೇ ಹೇಳಿಬಿಟ್ಟಿದ್ದರು. ಕಂಪ್ಲಿಯಲ್ಲಿ ನಾವು ಗೆದ್ದ ಪಂದ್ಯದ ಫೋಟೋ ಒಂದನ್ನು ಅರ್ಜಿಗೆ ಲಗತ್ತಿಸಿದ್ದೆ. ತೆಗೆದವನೂ ನಾನೇ.

ಕಾಮರ್ಸ್ ಮೇಷ್ಟ್ರು ಅದನ್ನು ಕನ್ನಡಕದ ಹತ್ತಿರ ತಂದು ನೋಡಿದರು. "ಅಲ್ರೀ, ಇಕಿ ಕುಂತಾಳಲ್ರೀ."

"ಖೋಖೋದಾಗ ಕುಂದರಬೇಕ್ರೀ ಸರ್. ಹಿಂದ ಬಂದು ಖೋ ಅಂದ ಮ್ಯಾಲ ಎದ್ದು ಓಡಬೇಕು."

"ಕುಂದ್ರಾಕ ಮಾಫಿ ಯಾಕ್ರೀ? ಕ್ಲಾಸಿನಾಗ ಎಲ್ಲಾರೂ ಕುಂತೇ ಇರ್ತಾರ."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ರಿನ್ಸಿಪಾಲರು ಸಮಾಧಾನ ಮಾಡುವವರಂತೆ, "ಓಡೋ ಫೋಟೋ ಒಂದು ತರ್ರಿ, ಸೋಮವಾರ ಸಹಿ ಹಾಕ್ತೀನಿ" ಎಂದರು.

ಎಲ್ಲಿಂದ ತರಲಿ? ನನ್ನ ಫೋನಿನಲ್ಲಿ ಓಡುವವರೆಲ್ಲ ಮಸುಕಾಗಿ ಬರುತ್ತಾರೆ, ಅದಕ್ಕೇ ಕೂತ ಫೋಟೋ ಹಾಕಿದ್ದು. ಡಿಗ್ರಿ ಓದಿಸುವ ಜನಕ್ಕೆ ಖೋಖೋ ಹೇಗಿರುತ್ತದೆ ಎಂದು ಹೇಳಿಕೊಡುವುದು ನನ್ನ ಕರ್ಮ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಎದ್ದು ನಿಂತು ನಾಲ್ಕು ಮಾತು ಆಡುವುದು ಬಿಟ್ಟು "ಆತ್ರೀ ಸರ್" ಅಂದು ಬಂದಿದ್ದೆ.

ಶನಿವಾರ ಅವಳಿಗೆ ಜೆರ್ಸಿ ಹಾಕಿಸಿ ಖಾಲಿ ಮೈದಾನದಲ್ಲಿ ಓಡಿಸಿದೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಕೆಂಪು ಧೂಳು ಬೇರೆ. ಮೂರು ಸಲ ಓಡಿದರೂ ಮೂರು ಸಲವೂ ಮಸುಕು. ತಲೆ ಕೆಟ್ಟುಹೋಗಿ, "ಒಂದು ಕಾಲು ಎತ್ತಿ ಹಂಗ ನಿಂದ್ರವಾ, ಅಳ್ಳಾಡಬ್ಯಾಡ" ಅಂದೆ. ನಿಂತಳು. ಓಡುವ ಫೋಟೋ ಚೆನ್ನಾಗಿ ಬಂತು.

"ಸರ್, ಇಕಿದೂ ಒಂದು ತೆಗೀರಿ" ಎಂದಳು. ಮರಿಯಮ್ಮನಹಳ್ಳಿಯ ಅವಳ ಗೆಳತಿ, ಅದೇ ತಂಡದವಳು, ಗೋಡೆಯ ನೆರಳಲ್ಲಿ ಬ್ಯಾಗು ಕಾಯುತ್ತ ಕೂತಿದ್ದಳು.

"ಮಾಫಿ ಒಬ್ಬರಿಗೇ ಐತವಾ."

"ಕಂಪ್ಲಿಯಾಗ ಕಡೀಗೆ ನನಗ ಖೋ ಕೊಟ್ಟಾಕಿ ಇಕೀನ ಸರ್. ಇಕಿ ಕೊಟ್ಟಿದ್ದಕ್ಕ ನಾ ಎದ್ದೆ."

ಗೆಳತಿಯನ್ನೂ ಕರೆದು ಒಂದು ಕಾಲೆತ್ತಿ ನಿಲ್ಲಿಸಿ ಫೋಟೋ ತೆಗೆದೆ. ಸೋಮವಾರ ಪ್ರಿನ್ಸಿಪಾಲರು ಮೊದಲನೆಯ ಫೋಟೋ ನೋಡಿ, "ಈಗ ನೋಡ್ರಿ, ಇದು ಆಟ ಅಂದ್ರ" ಎಂದು ಸಹಿ ಹಾಕಿದರು. ಎರಡನೆಯದನ್ನು ನಾನು ತೋರಿಸಲೇ ಇಲ್ಲ. ಅದು ಇನ್ನೂ ನನ್ನ ಫೋನಿನಲ್ಲೇ ಇದೆ.

ಕಾಲೇಜು ಶುರುವಾದಾಗ ಮರಿಯಮ್ಮನಹಳ್ಳಿಯವಳು ಬರಲಿಲ್ಲ. ಫೀಸು ಕಟ್ಟಲಾಗಲಿಲ್ಲವಂತೆ. ಮೊದಲ ದಿನದ ಅಭ್ಯಾಸಕ್ಕೆ ಹುಡುಗಿಯರನ್ನು ಸಾಲಾಗಿ ಕೂರಿಸಿದೆ. ಗಾದಿಗನೂರಿನವಳು ತನ್ನ ಪಕ್ಕದ ಚೌಕ ಖಾಲಿ ಬಿಟ್ಟು ಕೂತಿದ್ದಳು.

"ಸರಿದು ಕುಂದ್ರವಾ" ಅಂದೆ.

ಅವಳು ಸರಿಯಲಿಲ್ಲ.